ಹದಿಮೂರನೆಯ ಅಂಕಣ, ಹದಿನಾರನೆಯ ಅಂಕಣ

1901ನೆಯ ಇಸವಿಯ ಮಾರ್ಚ್ 1ನೆಯ ತಾರೀಖಿನ ರಾತ್ರಿ, ಹಿಂದೂದೇಶದ ಇತರ ಪ್ರಾಂತಗಳಲ್ಲಿ ನಡೆದಂತೆಯೇ ಕೊಡಗಿನಲ್ಲಿಯೂ ಖಾನೇಷುಮಾರಿ ನಡೆಯಿತು. ಕಾಫಿಯ ಕೊಯ್ಲು ಮುಗಿದು ತೋಟಗಳು ಹೂಮಳೆಯನ್ನು ಎದುರುನೋಡುತ್ತ ನಿಂತಿರುವ ಕಾಲವದು. ಮೈಸೂರು ಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಕೂಲಿಗೆ ಬಂದ ಜನರಲ್ಲಿ ಅನೇಕರು ತಮ್ಮ ಊರುಗಳಿಗೆ ಇನ್ನೂ ಹಿಂದಿರುಗಿರದ ಕಾಲ. ಅಂದು ಎಣಿಕೆಗೆ ಸಿಕ್ಕಿದವರು 1,80,607 ಮಂದಿ. ಎಣಿಕೆದಾರನ ಕೈಯಲ್ಲಿದ್ದ ಹಾಳೆಗೆ ಹದಿನಾರು ಅಂಕಣಗಳಿದ್ದುವು. ಹೆಸರು, ಮತ, ವಯಸ್ಸು, ಜಾತಿ, ಕಸುಬು, ಹುಟ್ಟಿದ ಸೀಮೆ ಎಂದು ಒಂದೊಂದನ್ನಾಗಿ ತುಂಬುತ್ತ ಬಂದು, ಹದಿಮೂರನೆಯದರಲ್ಲಿ ಆ ಮನುಷ್ಯನು ನಿತ್ಯವೂ ಆಡುವ ಭಾಷೆ ಯಾವುದೆಂಬುದನ್ನು ಬರೆಯಬೇಕಾಗಿದ್ದಿತು. ಕಟ್ಟಕಡೆಯ ಹದಿನಾರನೆಯದರಲ್ಲಿ, ಅವನು ಎರಡು ಕಣ್ಣೂ ಕಾಣದವನೆ, ಹುಟ್ಟಿನಿಂದ ಕಿವಿಯೂ ಮಾತೂ ಇಲ್ಲದವನೆ, ಬುದ್ಧಿಭ್ರಮಣೆಯುಳ್ಳವನೆ, ಕುಷ್ಠರೋಗಿಯೆ ಎಂಬುದನ್ನು. ಒಂದೇ ಕಣ್ಣು ಹೋದವನನ್ನೂ, ಮೈಮೇಲೆ ತೊನ್ನು ಮಾತ್ರ ಇರುವವನನ್ನೂ ಅಲ್ಲಿ ಸೇರಿಸಕೂಡದೆಂದು ಕಟ್ಟಪ್ಪಣೆಯಿದ್ದಿತು. ಕೈಕಾಲು ಊನವಾದವರ ವಿಚಾರವನ್ನು ಆ ಹಾಳೆ ಕೇಳಲೇ ಇಲ್ಲ.

ವೈದ್ಯದ ಚರಿತ್ರೆಯನ್ನು ಹೇಳಹೊರಟವನು ಖಾನೇಷುಮಾರಿಯ ಹಾಳೆಯನ್ನು ಬಿಡಿಸಿ ಕುಳಿತನಲ್ಲ ಎಂದು ಓದುಗರು ಆಕ್ಷೇಪಿಸಬಹುದು. ಕಾರಣವಿಷ್ಟೆ: ಕೊಡಗಿನ ಕಿವುಡರನ್ನೂ ಅಂಧರನ್ನೂ ಸರ್ಕಾರವೆಂಬುದು ಮೊದಲು ಕಂಡುದು ರೋಗಿಗಳನ್ನಾಗಿ ಅಲ್ಲ, ವಿದ್ಯಾರ್ಥಿಗಳನ್ನಾಗಿ ಅಲ್ಲ, ಹಕ್ಕುದಾರರನ್ನಾಗಿ ಖಂಡಿತ ಅಲ್ಲ, ಎಣಿಸಬೇಕಾದ ಒಂದು ವರ್ಗವನ್ನಾಗಿ. ಎಣಿಸಿದ ಮೇಲೆ ಏನು ಮಾಡಬೇಕೆಂಬುದನ್ನು ಆ ಕಾಲದ ಆಡಳಿತ ಯೋಚಿಸಿದಂತೆ ಕಾಣದು. ಆದರೆ ಆ ಹಾಳೆಯಲ್ಲಿ, ಅದನ್ನು ರಚಿಸಿದವರಿಗೇ ಗೋಚರಿಸದ ಒಂದು ಪ್ರಶ್ನೆ ಅಡಗಿದ್ದಿತು. ಹದಿನಾರನೆಯ ಅಂಕಣದಲ್ಲಿ ಗುರುತು ಹತ್ತಿದ ಒಬ್ಬ ಕಿವುಡನ ಸಾಲಿನಲ್ಲಿ ಹದಿಮೂರನೆಯ ಅಂಕಣಕ್ಕೆ ಏನನ್ನು ಬರೆದಿರಬಹುದು? ಕೊಡವರ ಮೂಲಮನೆಯಾದ ಐನ್‌ಮನೆಯ ಜಗಲಿಯ ಮೇಲೆ ಕುಳಿತು ಉತ್ತರ ಹೇಳುತ್ತಿದ್ದ ಹಿರಿಯನಾದ ಪಟ್ಟೆದಾರನು, ಮನೆತನದ ಉಳಿದೆಲ್ಲರಿಗೂ ಹೇಳಿದಂತೆ ಅವನಿಗೂ ಕೊಡವ ತಕ್ಕೆಂದೇ ಹೇಳಿರಬೇಕು. ಗೌಡರ ಮನೆಯಲ್ಲಿ ಅರೆಭಾಷೆಯೆಂದೂ, ತೋಟದ ಕೂಲಿಗಳ ಲೈನ್‌ಮನೆಯಲ್ಲಿ ಕನ್ನಡವೆಂದೊ ಮಲಯಾಳವೆಂದೊ ತುಳುವೆಂದೊ ಹೇಳಿರಬೇಕು. ಆ ಕಿವುಡನು ತಾಯಿಯೊಡನೆ, ಒಡಹುಟ್ಟಿದವರೊಡನೆ, ಗದ್ದೆಯಲ್ಲಿ ಜೊತೆಗೆ ದುಡಿಯುವವರೊಡನೆ ಕೈಬೆರಳು ಹುಬ್ಬು ಭುಜಗಳಿಂದ ನಡೆಸುತ್ತಿದ್ದ ವ್ಯವಹಾರಕ್ಕೆ ಅಂಕಣವಿರಲಿಲ್ಲ. ಅವನ ಊನವನ್ನು ಲೆಕ್ಕಕ್ಕೆ ತೆಗೆದುಕೊಂಡರು. ಅವನ ಭಾಷೆಯನ್ನು ತೆಗೆದುಕೊಳ್ಳಲಿಲ್ಲ. ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಕೊಡಗಿನ ಆಸ್ಪತ್ರೆಗಳಲ್ಲಿ ನಡೆದ ಕಥೆಯ ಬಹುಭಾಗವನ್ನು ಈ ಎರಡು ಅಂಕಣಗಳ ನಡುವಣ ಅಂತರದಲ್ಲಿ ಓದಿಕೊಳ್ಳಬಹುದೆಂದು ನನ್ನ ಎಣಿಕೆ.

ಕೊಡಗಾದರೋ ಶಬ್ದಪ್ರಿಯವಾದ ದೇಶ. ಗಂಡು ಮಗು ಹುಟ್ಟಿದಾಗ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದರಂತೆ ಎರಡು ಗುಂಡು. ಸುಗ್ಗಿಯ ಹಬ್ಬವಾದ ಹುತ್ತರಿಯಲ್ಲಿ ಮೊದಲ ಕದಿರು ಕೊಯ್ದಾಗ ಗುಂಡು. ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಕೋವಿಗೇ ಪೂಜೆ. 1861ರಲ್ಲಿ ಆಂಗ್ಲ ಸರ್ಕಾರ ಕೊಡವರನ್ನು ಆಯುಧ ಕಾಯಿದೆಯ ಕಟ್ಟುಪಾಡಿನಿಂದ ಹೊರಗಿಟ್ಟಂದಿನಿಂದ ಈ ಪದ್ಧತಿಗೆ ರಾಜಮುದ್ರೆಯೂ ಬಿದ್ದಿತು. ಬೆಟ್ಟದಿಂದ ಬೆಟ್ಟಕ್ಕೆ ಒಂಟಿ ಮನೆಗಳು ಚದುರಿರುವ ನಾಡಿನಲ್ಲಿ ಕೋವಿಯ ಸದ್ದು ಕೇವಲ ವಿನೋದವಲ್ಲ, ಅದು ಟಪ್ಪಾಲು. ಎರಡು ಗುಂಡು ಕೇಳಿದ ನೆರೆಹೊರೆಯವರು ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಆ ಮನೆಗೆ ಧಾವಿಸಬೇಕೆಂಬುದು ಧರ್ಮ. ಆ ಧರ್ಮ ಕಿವುಡನನ್ನು ಹೊರಗಿಟ್ಟಿತೆಂದು ಹೇಳಲಾರೆ. ಪಕ್ಕದವನು ಓಡುವುದನ್ನು ಕಂಡು ಅವನೂ ಓಡುತ್ತಿದ್ದನು. ಕೇಳದುದನ್ನು ನೋಡಿ ತಿಳಿದುಕೊಳ್ಳುವ ಅವಕಾಶ ಒಟ್ಟಾಗಿ ಬಾಳುವ ಜನರ ನಡುವೆ ಧಾರಾಳವಾಗಿ ಇರುತ್ತದೆ. ಆ ಅವಕಾಶ ಕಳೆದುಹೋಗುವುದು ಮನುಷ್ಯನು ಒಂಟಿಯಾಗಿ ಅಪರಿಚಿತರ ಮುಂದೆ ನಿಲ್ಲಬೇಕಾದ ಜಾಗಗಳಲ್ಲಿ: ಕಚೇರಿಯಲ್ಲಿ, ನ್ಯಾಯಸ್ಥಾನದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆಯಲ್ಲಿ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿ ಕಂಪನಿಯವರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಪಾಶ್ಚಾತ್ಯ ವೈದ್ಯವು ಪಡೆಯ ಹಿಂದೆಯೇ ಬಂದಿತು. ಮಡಿಕೇರಿಯಲ್ಲಿ ಜಾನ್ ಫೌಲರನು 1854ರಲ್ಲಿ ಕಾಫಿ ತೋಟವನ್ನು ಆರಂಭಿಸಿದ ಮೇಲೆ ತೋಟಗಳ ಹಿಂದೆಯೂ ಬಂದಿತು. ಅಲ್ಲಿಯವರೆಗೆ ಊರಿನ ನಾಟಿ ಔಷಧಿ, ಹರಕೆ, ಮಂತ್ರ. ಬಂದ ಮೇಲೂ ಬಹುಕಾಲದವರೆಗೆ ಜನರಿಗೆ ಇದ್ದುದು ಅವೇ, ಏಕೆಂದರೆ ಮಡಿಕೇರಿ ಸಮುದ್ರಮಟ್ಟದಿಂದ 3,800 ಅಡಿಗಳ ಮೇಲೆ ಬೆಟ್ಟದ ನೆತ್ತಿಯಲ್ಲಿ ಕುಳಿತಿದೆ. ನಡುವೆ ಹೊಳೆಗಳು, ಆಷಾಢ ಶ್ರಾವಣಗಳಲ್ಲಿ ಆ ಹೊಳೆಗಳಿಗೆ ದಡವೇ ಇಲ್ಲ. ನಡೆಯಲಾರದ ರೋಗಿಯನ್ನು ಕಂಬಳಿಯಲ್ಲಿ ಜೋಲಿ ಕಟ್ಟಿ ಬಿದಿರಿಗೆ ತೂಗುಹಾಕಿ ಇಬ್ಬರು ಹೊತ್ತು ಏರಬೇಕು. ಈ ದೇಶದಲ್ಲಿ ಕಾಲಿಲ್ಲದವನ ಕಷ್ಟವನ್ನು ಕಾಲಿದ್ದವರೂ ಮಳೆಗಾಲದಲ್ಲಿ ಸ್ವಲ್ಪಮಟ್ಟಿಗೆ ಅನುಭವಿಸುತ್ತಿದ್ದರಾದುದರಿಂದ ಅದನ್ನು ಎಲ್ಲರೂ ಬಲ್ಲರು. ಹೊತ್ತು ತರುವುದಕ್ಕೆ ಹೆಗಲಿತ್ತು. ಹೊತ್ತು ತಂದವನನ್ನು ಇಳಿಸಿ ಡಾಕ್ಟರ ಮುಂದೆ ಅವನ ನೋವನ್ನು ಹೇಳುವುದಕ್ಕೆ ಬಾಯಿ ಬೇಕಾಗಿದ್ದಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೊಡಗಿನ ಆಸ್ಪತ್ರೆ ಮೊದಲಿನಿಂದಲೂ ದುಭಾಷಿಗಳ ಆಸ್ಪತ್ರೆ. ಡಾಕ್ಟರನು ಆಂಗ್ಲನೊ, ಮದರಾಸಿನವನೊ, ಬಂಗಾಳದವನೊ. ರೋಗಿಗಳು ಕೊಡವರು, ಗೌಡರು, ಯರವರು, ಜೇನುಕುರುಬರು, ಮಾಪಿಳ್ಳೆಗಳು, ತುಳುವರು, ಮೈಸೂರಿನ ಒಕ್ಕಲಿನವರು. ನಡುವೆ ನಿಂತು ಒಬ್ಬನ ಮಾತನ್ನು ಮತ್ತೊಬ್ಬನಿಗೆ ಮುಟ್ಟಿಸುತ್ತಿದ್ದವನು ಕಾಂಪೌಂಡರ್. ಹೆಂಗಸರ ಕಡೆಗೆ ಆಯಾ. ತೋಟದಲ್ಲಿ ರೈಟರು, ಇಲ್ಲವೆ ಮೇಸ್ತ್ರಿ. ಇವರಿಗೆ ದುಭಾಷಿಗಳೆಂಬ ಹುದ್ದೆಯಿರಲಿಲ್ಲ, ಸಂಬಳವೂ ಅದಕ್ಕಾಗಿ ಅಲ್ಲ. ಆದರೂ ಅವರಿಲ್ಲದಿದ್ದರೆ ಒಂದು ಚೀಟಿಯೂ ಬರೆಯಲ್ಪಡುತ್ತಿರಲಿಲ್ಲ. ಐದಾರು ಭಾಷೆಗಳ ನಡುವೆ ಸೇತುವೆ ಕಟ್ಟುವ ಈ ಚಾತುರ್ಯ ಯಾರೂ ಕಲಿಸದೆ ಈ ನಾಡಿಗೆ ಬಂದುದು. ಅಂಥ ನಾಡಿನಲ್ಲಿ ಕೈಗಳಿಂದ ಆಡುವ ಇನ್ನೊಂದು ಭಾಷೆಗೆ ಮಾತ್ರ ಸೇತುವೆ ಬೇಕೆಂದು ಯಾರಿಗೂ ತೋರದೇ ಹೋದುದು ಆಶ್ಚರ್ಯ. ತೋರದಿದ್ದುದಕ್ಕೆ ಕಾರಣವೂ ಸ್ಪಷ್ಟವೇ ಇದೆ: ಮಲಯಾಳವನ್ನಾಡುವ ರೋಗಿಯ ಮುಂದೆ ‘ಇವನ ಭಾಷೆ ನನಗೆ ತಿಳಿಯದು’ ಎಂದುಕೊಳ್ಳುವ ಡಾಕ್ಟರನು, ಕಿವುಡನ ಮುಂದೆ ‘ಇವನಿಗೆ ಭಾಷೆಯಿಲ್ಲ’ ಎಂದುಕೊಳ್ಳುತ್ತಿದ್ದನು.

ಆ ಕಾಲದ ಕೊಡಗಿನ ದೊಡ್ಡ ಪಿಡುಗು ಮಲೇರಿಯ. ಬಿದಿರುಮೆಳೆಯ ಪ್ರದೇಶಗಳಲ್ಲಿ, ಪೂರ್ವದ ಕಾಡಂಚಿನಲ್ಲಿ, ಗದ್ದೆಬಯಲಿನಲ್ಲಿ ಅದು ವರ್ಷವರ್ಷವೂ ಜನರನ್ನು ತಿಂದುಹಾಕುತ್ತಿದ್ದಿತು. 1901ರಲ್ಲಿ 1,80,607 ಇದ್ದ ಜನಸಂಖ್ಯೆ 1911ಕ್ಕೆ 1,74,976, 1921ಕ್ಕೆ 1,63,838, 1931ಕ್ಕೆ 1,63,327 ಎಂದು ಇಳಿಯುತ್ತಲೇ ಬಂದುದರಲ್ಲಿ ತೋಟದ ಕೂಲಿಗಳ ಬರುವಿಕೆಯ ಏರಿಳಿತಕ್ಕೂ 1918ರ ಇನ್‌ಫ್ಲುಯೆಂಜಕ್ಕೂ ಪಾಲಿದ್ದರೂ, ಜ್ವರದ ಪಾಲನ್ನು ಅಲ್ಲಗಳೆಯಲಾಗದು. ಅದಕ್ಕೆ ಇದ್ದ ಮದ್ದು ಒಂದೇ, ಕ್ವಿನೈನು. ಕಹಿಯಾದ ಈ ಪುಡಿ ಎಷ್ಟು ಪ್ರಾಣಗಳನ್ನು ಉಳಿಸಿತೋ ಹೇಳಲು ಬಾರದು. ಆದರೆ ಹೆಚ್ಚು ಪ್ರಮಾಣದಲ್ಲಿ ಸೇವಿಸಿದಾಗ ಅದು ಕಿವಿಯಲ್ಲಿ ಗುಂಯ್ಯೆನ್ನುವ ನಾದವನ್ನೆಬ್ಬಿಸಿ ಶ್ರವಣಶಕ್ತಿಯನ್ನು ಕುಗ್ಗಿಸುತ್ತದೆಂಬುದು ವೈದ್ಯರಿಗೆ ಆಗಲೇ ತಿಳಿದಿದ್ದ ವಿಷಯ. ಕಿವಿ ಗುಂಯ್‌ಗುಟ್ಟಿತೆಂದರೆ ಮದ್ದು ಮೈಗೆ ಹತ್ತಿತೆಂದು ಭಾವಿಸುವ ರೂಢಿಯೂ ಇದ್ದಿತು. ಬಹುಮಟ್ಟಿಗೆ ಈ ಕಿವುಡುತನ ಮದ್ದು ನಿಲ್ಲಿಸಿದ ಮೇಲೆ ಹೋಗುವಂಥದು. ಎಲ್ಲರಲ್ಲಿಯೂ ಹೋಗುತ್ತದೆಂಬ ಭರವಸೆಯಿಲ್ಲ. ಮುಂದೆ ಕ್ಷಯಕ್ಕೆ ಬಂದ ಸ್ಟ್ರೆಪ್ಟೊಮೈಸಿನ್ನಿನ ಕಥೆಯೂ ಹೀಗೆಯೇ. ಆದರೆ ಅದು ತಂದ ಕಿವುಡುತನ ಹಿಂದಿರುಗಿ ಹೋಗುವಂಥದಲ್ಲ. ಪ್ರಾಣವನ್ನುಳಿಸಿದ ಆಸ್ಪತ್ರೆಯೇ ಕೆಲವರನ್ನು ಹದಿನಾರನೆಯ ಅಂಕಣದ ನೆರೆಯವರನ್ನಾಗಿ ಮಾಡಿ ಕಳುಹಿಸಿತು. ನೆರೆಯವರೆಂದೆ, ಏಕೆಂದರೆ ಹುಟ್ಟಿನಿಂದ ಬಾರದ ಕಿವುಡುತನಕ್ಕೆ ಆ ಅಂಕಣದಲ್ಲಿಯೂ ಸ್ಥಳವಿರಲಿಲ್ಲ.

ಸ್ಥಳವಿಲ್ಲದವರಲ್ಲಿ ಇನ್ನೊಂದು ದೊಡ್ಡ ಗುಂಪು ಸಿಪಾಯಿಗಳದು. ಎರಡು ಮಹಾಯುದ್ಧಗಳಿಗೂ ಮಕ್ಕಳನ್ನು ಕಳುಹಿಸಿದ ನಾಡು ಇದು. ಫಿರಂಗಿಯ ಬಳಿ ನಿಂತವನ ಕಿವಿ ಮಂದವಾಗುವುದು ಯುದ್ಧದ ಎಲ್ಲ ಫಲಗಳಲ್ಲಿ ಅತ್ಯಂತ ಸಾಧಾರಣವಾದುದು. ಅದರಿಂದಲೇ ಅದನ್ನು ಗಾಯವೆಂದು ಯಾರೂ ಎಣಿಸರು. ಕೈಕಾಲು ಕಳೆದುಕೊಂಡ ಯೋಧರಿಗೆ ಕಸುಬು ಕಲಿಸುವ ಶಾಲೆಯೊಂದು 1917ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಆಮೇಲೆ ಪುಣೆಯ ಹತ್ತಿರದ ಕಿರ್ಕಿಗೆ ಹೋಯಿತು. ನಿವೃತ್ತರಾಗಿ ಮಡಿಕೇರಿಯ ತಮ್ಮ ಮನೆ ರೋಷನಾರಾದಲ್ಲಿ ನೆಲೆಸಿದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಮಾಜಿ ಸೈನಿಕರ ಯೋಗಕ್ಷೇಮವನ್ನು ಕೊನೆಯವರೆಗೂ ತಮ್ಮ ಕೆಲಸವೆಂದೇ ಭಾವಿಸಿದ್ದರು. 2003ರಲ್ಲಿ ಮಾಜಿ ಸೈನಿಕರಿಗಾಗಿ ಪ್ರತ್ಯೇಕವಾದ ಆರೋಗ್ಯ ಯೋಜನೆ ಬಂದು, ಅದರ ಚಿಕಿತ್ಸಾಲಯ ಮಡಿಕೇರಿಯಲ್ಲಿಯೂ ತೆರೆಯಿತು. ಇದು ನ್ಯಾಯವೇ, ಆದರೆ ಒಂದೇ ಊರಿನ ಇಬ್ಬರು ಕಿವುಡರಲ್ಲಿ, ಫಿರಂಗಿಯಿಂದ ಕಿವಿ ಕಳೆದುಕೊಂಡವನಿಗೆ ಪಿಂಚಣಿ ಪುಸ್ತಕವೂ ಒಂದು ಬಾಗಿಲೂ ಇರುವಾಗ, ಎಳವೆಯ ಜ್ವರದಿಂದ ಕಳೆದುಕೊಂಡ ಲೈನ್‌ಮನೆಯವಳಿಗೆ ಏನಿದ್ದಿತೆಂದು ಕೇಳಬೇಕಾಗುತ್ತದೆ.

ಕೊಡಗಿನ ಹೊರಗೆ ಲೋಕ ಸುಮ್ಮನಿರಲಿಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಉಪಾಧ್ಯಾಯರೆಲ್ಲ ಸೇರಿ, ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ, ಸನ್ನೆಗಳನ್ನು ಶಾಲೆಯಿಂದ ಹೊರಗಟ್ಟಿ ಬಾಯಿಮಾತನ್ನೇ ಕಲಿಸತಕ್ಕದ್ದೆಂದು ನಿರ್ಣಯಿಸಿದರು. ನಮ್ಮ ದೇಶದಲ್ಲಿ ಕಿವುಡರ ಶಾಲೆಗಳು ಹುಟ್ಟಿದುದು ಆ ನಿರ್ಣಯದ ನೆರಳಿನಲ್ಲಿಯೇ: 1880ರ ದಶಕದ ನಡುವಿನಲ್ಲಿ ಮುಂಬಯಿಯಲ್ಲಿ, 1893ರಲ್ಲಿ ಕಲ್ಕತ್ತೆಯಲ್ಲಿ. ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಕಿವುಡರಿಗೂ ಅಂಧರಿಗೂ ಶಾಲೆಯನ್ನು ತೆರೆದುದು 1901ರಲ್ಲಿ, ಮೇಲೆ ಹೇಳಿದ ಖಾನೇಷುಮಾರಿ ನಡೆದ ವರ್ಷದಲ್ಲಿಯೇ. ಆದರೆ ಕೊಡಗು ಆಗ ಬೇರೆಯ ಪ್ರಾಂತ. ಹೊಲ ಮನೆಗಳನ್ನು ಬಿಟ್ಟು ಮಗುವನ್ನು ಅಷ್ಟು ದೂರ ಕಳುಹಿಸುವ ತಂದೆತಾಯಿಗಳೂ ವಿರಳ.

1931ರ ಬಳಿಕ ಹದಿನಾರನೆಯ ಅಂಕಣವೇ ಮಾಯವಾಯಿತು. ಅಂಗವೈಕಲ್ಯದ ಅಂಕಿಗಳು ನಂಬತಕ್ಕವಲ್ಲವೆಂದು ಅಧಿಕಾರಿಗಳಿಗೆ ಮನವರಿಕೆಯಾಗಿದ್ದಿತು; ನಂಬತಕ್ಕವಾಗಿರಲೂ ಇಲ್ಲ, ಏಕೆಂದರೆ ಮದುವೆಯ ವಯಸ್ಸಿನ ಮಗಳ ಊನವನ್ನು ಅಪರಿಚಿತನ ಹಾಳೆಯಲ್ಲಿ ಬರೆಸಿಕೊಳ್ಳುವ ಮನೆ ಎಲ್ಲಿದೆ? 1981ರ ವರೆಗೆ ಐವತ್ತು ವರ್ಷ ಈ ಪ್ರಶ್ನೆಯನ್ನು ಯಾವ ಗಣತಿಯೂ ಕೇಳಲಿಲ್ಲ. ಆ ಐವತ್ತು ವರ್ಷಗಳಲ್ಲಿ ಕೊಡಗೇ ಬೇರೆಯಾಯಿತು. ಸ್ವಾತಂತ್ರ್ಯ ಬಂದಿತು, ಕೊಡಗು ‘ಸಿ’ ವರ್ಗದ ಪುಟ್ಟ ರಾಜ್ಯವಾಗಿ, 1952ರಿಂದ ಸಿ. ಎಂ. ಪೂಣಚ್ಚನವರ ಮಂತ್ರಿಮಂಡಲವನ್ನು ಕಂಡು, 1956ರ ನವೆಂಬರ್ 1ರಂದು ಮೈಸೂರಿನಲ್ಲಿ ಲೀನವಾಯಿತು. 1951ರ ತೋಟಕಾರ್ಮಿಕರ ಕಾಯಿದೆ, ಆಳುಗಳಿಗೆ ವೈದ್ಯಸೌಕರ್ಯವನ್ನು ಒದಗಿಸುವುದು ತೋಟದ ಮಾಲೀಕನ ಕರ್ತವ್ಯವೆಂದು ವಿಧಿಸಿತು. 1953ರ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಯೋಜನೆಯಲ್ಲಿ ಮನೆಮನೆಗಳ ಗೋಡೆಗೆ ಡಿಡಿಟಿ ಬಿದ್ದಿತು. ಕಾಫಿಯ ಬೆಲೆಯೂ ಏರಿತಾಗಿ, ಜ್ವರದ ಭಯವೂ ಇಳಿಯಿತಾಗಿ, 1951ರಲ್ಲಿ 2,29,405 ಇದ್ದ ಜನ 1961ಕ್ಕೆ 3,22,829 ಆದರು. ಹೆರಿಗೆಯಲ್ಲಿ ಬದುಕಿದ ಮಕ್ಕಳು, ಮಿದುಳಿನ ಜ್ವರದಿಂದ ಪಾರಾದ ಮಕ್ಕಳು ಹೆಚ್ಚಿದರೆಂದರೆ, ಅವರಲ್ಲಿ ಒಂದಿಷ್ಟು ಮಂದಿ ಒಂದಲ್ಲ ಒಂದು ಊನದೊಡನೆ ಬದುಕಿದರೆಂದೂ ಅರ್ಥ.

ಇಂಥ ಮಕ್ಕಳ ತಾಯಂದಿರಿಗೆ ತಟ್ಟಲು ಒಂದು ಬಾಗಿಲು ದೊರೆತುದು ಮೈಸೂರಿನಲ್ಲಿ. ಕೇಂದ್ರ ಸರ್ಕಾರ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಅಲ್ಲಿ ಆರಂಭಿಸಿ, ಮಾನಸಗಂಗೋತ್ರಿಯ ಮಗ್ಗುಲಲ್ಲಿ ಅದಕ್ಕೆ ಜಾಗವನ್ನು ಗೊತ್ತುಮಾಡಿತು. ಹಿಂದೊಮ್ಮೆ ಅದೇ ಊರಿನ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ರಾಷ್ಟ್ರಪತಿ ಸರ್ವಪಲ್ಲಿ ರಾಧಾಕೃಷ್ಣನ್ 1966ರಲ್ಲಿ ಬಂದು ಅಡಿಗಲ್ಲನ್ನಿಟ್ಟರು. ಮಾತು ಮತ್ತು ಕಿವಿಯ ಚಿಕಿತ್ಸಕರನ್ನು ತಯಾರುಮಾಡುವ ವಿದ್ಯಾಪೀಠಗಳಲ್ಲಿ ದೇಶಕ್ಕೇ ಅದು ಮುಂದಾಳು. ಮಡಿಕೇರಿಯಿಂದ ಅದು ಸುಮಾರು 120 ಕಿಲೋಮೀಟರು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರಿನ ಮೇಲೆ ಒಂದು ದಾರಿ. ವಿರಾಜಪೇಟೆಯ ಕಡೆಯವರಿಗೆ ಗೋಣಿಕೊಪ್ಪ, ತಿತಿಮತಿಯ ಕಾಡಿನ ಮೇಲೆ ಇನ್ನೊಂದು. ಜಿಲ್ಲೆಯೊಳಗೆ ರೈಲಿನ ಹಳಿಯಿಲ್ಲವಾದುದರಿಂದ ಬಸ್ಸೇ ಗತಿ. ಭೂಪಟದಲ್ಲಿ ಇದೇನೂ ದೂರವಲ್ಲ. ಆದರೆ ಕಿವಿಯ ಪರೀಕ್ಷೆ ಒಂದು ದಿನಕ್ಕೆ ಮುಗಿಯುವುದಲ್ಲ. ಸದ್ದು ನುಗ್ಗದ ಕೋಣೆಯಲ್ಲಿ ಮಗುವನ್ನು ಕೂರಿಸಿ, ಒಂದೊಂದು ಸ್ವರಕ್ಕೂ ಅದು ತಲೆ ತಿರುಗಿಸುವುದೊ ಇಲ್ಲವೊ ಎಂದು ನೋಡಿ, ಕಿವಿಯ ಅಚ್ಚು ತೆಗೆದು, ಅಂಗಿಯ ಜೇಬಿನಲ್ಲಿಡುವ ಪೆಟ್ಟಿಗೆಯಿಂದ ದಾರದಂತೆ ತಂತಿ ಹೊರಟ ಯಂತ್ರವನ್ನು ಹೊಂದಿಸಿ, ಆಮೇಲೆ ತಿಂಗಳುಗಟ್ಟಲೆ ತಾಯಿಗೂ ಮಗುವಿಗೂ ಒಟ್ಟಿಗೆ ಪಾಠ ನಡೆಯಬೇಕು. ತೋಟದ ಕೂಲಿಯವಳಿಗೆ ಒಂದು ದಿನ ಮೈಸೂರೆಂದರೆ ಒಂದು ದಿನದ ಸಂಬಳವಿಲ್ಲ. ಹಲವು ದಿನವೆಂದರೆ ಕೆಲಸವೇ ಇಲ್ಲ. ಸಂಸ್ಥೆಯ ಬಾಗಿಲು ಎಲ್ಲರಿಗೂ ತೆರೆದಿದ್ದಿತು. ಹೊಸ್ತಿಲಿನವರೆಗೆ ಬರುವ ಖರ್ಚನ್ನು ಮಾತ್ರ ರೋಗಿಯೇ ಹೊರಬೇಕಾಗಿದ್ದಿತು.

ತಂದ ಯಂತ್ರದ ಗತಿಯನ್ನೂ ಹೇಳಬೇಕು. ಶ್ರವಣಯಂತ್ರಕ್ಕೆ ತೇವವೆಂದರೆ ಆಗದು. ಬ್ಯಾಟರಿಯ ತುದಿಗೆ ತುಕ್ಕು ಹಿಡಿಯುತ್ತದೆ, ಕಿವಿಯಚ್ಚಿನ ನಳಿಗೆಯಲ್ಲಿ ಹನಿ ಕೂಡಿ ಸದ್ದು ನಿಲ್ಲುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಒಗೆದ ಬಟ್ಟೆ ಒಲೆಯ ಮೇಲೆ ಹರಡದೆ ಒಣಗದ, ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ನಾಡಿನಲ್ಲಿ ಆ ಯಂತ್ರಕ್ಕೆ ಎಷ್ಟು ಆಯುಸ್ಸು? ತೇವ ಹೀರುವ ಹರಳುಗಳ ಪುಟ್ಟ ಡಬ್ಬಿಯಲ್ಲಿ ರಾತ್ರಿ ಅದನ್ನು ಮುಚ್ಚಿಡಬೇಕೆಂಬ ಅಲ್ಪವಾದ ಉಪದೇಶ ಬಯಲುಸೀಮೆಯಲ್ಲಿ ಮರೆತರೂ ನಡೆಯುತ್ತದೆ, ಭಾಗಮಂಡಲದಲ್ಲಿ ನಡೆಯದು. ಅದೇ ತೇವವೂ ಅದೇ ಹೊಗೆಯೂ ಮಕ್ಕಳಿಗೆ ನೆಗಡಿಯನ್ನು ತಂದು, ನೆಗಡಿ ಕಿವಿಗೆ ಹಬ್ಬಿ, ಕಿವಿ ಸೋರತೊಡಗುತ್ತದೆ. ಬಿಸಿಮಾಡಿದ ಎಣ್ಣೆಯ ತೊಟ್ಟನ್ನು ಬಿಡುವುದು ಮನೆಮದ್ದು. ತಮಟೆ ತೂತಾದ ಕಿವಿಗೆ ಅದರಿಂದ ಹಾನಿಯೇ ಹೆಚ್ಚು. ಹುಟ್ಟುಕಿವುಡನ್ನು ತಡೆಯುವುದು ಕಷ್ಟ. ಸೋರುವ ಕಿವಿಯನ್ನು ಹಳ್ಳಿಯ ಆರೋಗ್ಯಕೇಂದ್ರದಲ್ಲಿಯೇ ಶುದ್ಧಮಾಡಿ ಒಣಗಿಸಿ ಉಳಿಸಬಹುದು. ಈ ಸರಳವಾದ ಸತ್ಯ ಒಂದು ರಾಷ್ಟ್ರೀಯ ಕಾರ್ಯಕ್ರಮದ ರೂಪವನ್ನು ತಾಳುವುದಕ್ಕೆ 2006–07ನೆಯ ಸಾಲಿನವರೆಗೆ ಕಾಯಬೇಕಾಯಿತು.

ಮೈಸೂರಿನ ವಿದ್ವಾಂಸರ ಮೇಲೆ ದೋಷವನ್ನು ಹೊರಿಸುವುದು ನನ್ನ ಉದ್ದೇಶವಲ್ಲ. ಆದರೂ ಆ ಯುಗದ ದೃಷ್ಟಿಯೇ ಕಿವುಡನನ್ನು ಮಾತನಾಡಿಸುವ ಕಡೆಗಿದ್ದಿತೇ ಹೊರತು, ಕಿವುಡನೊಡನೆ ಮಾತನಾಡುವ ಕಡೆಗೆ ಇರಲಿಲ್ಲ. ಮಿಲಾನಿನ ನೆರಳು ಬಹಳ ಉದ್ದ. 1960ರಲ್ಲಿ ಅಮೆರಿಕದ ವಿಲಿಯಂ ಸ್ಟೋಕಿಯು ಸನ್ನೆಗಳಿಗೂ ವರ್ಣ, ಪದ, ವಾಕ್ಯಗಳ ಕಟ್ಟಡವಿದೆಯೆಂದು ತೋರಿಸಿಕೊಟ್ಟ ಮೇಲೂ ಇಲ್ಲಿಯ ಪಂಡಿತರು ಅದನ್ನು ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. 1970ರ ದಶಕದ ಕೊನೆಯಲ್ಲಿ, ಸ್ವತಃ ಕಿವುಡರಾದ ಮದನ್ ವಸಿಷ್ಠರು ಅಮೆರಿಕದ ಸಂಗಡಿಗರೊಡನೆ ದೆಹಲಿ, ಕಲ್ಕತ್ತ, ಮುಂಬಯಿ, ಬೆಂಗಳೂರುಗಳಲ್ಲಿ ಕಿವುಡರ ಸನ್ನೆಗಳನ್ನು ಸಂಗ್ರಹಿಸಿ, ಊರಿಂದೂರಿಗೆ ಕೆಲವು ಪದಗಳು ಬೇರೆಯಾದರೂ ಇದು ತನ್ನದೇ ವ್ಯಾಕರಣವುಳ್ಳ ಭಾಷೆಯೆಂಬುದನ್ನು ಸ್ಥಾಪಿಸಿದರು. ಹದಿಮೂರನೆಯ ಅಂಕಣದ ಪ್ರಶ್ನೆಗೆ ಉತ್ತರ ಸಿಕ್ಕಿತು; ಆದರೆ ಅದನ್ನು ಬರೆದುಕೊಳ್ಳುವವರು ಆಸ್ಪತ್ರೆಯಲ್ಲಿ ಇರಲಿಲ್ಲ. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಗೆಂದೇ ಸಂಶೋಧನ ಕೇಂದ್ರವೊಂದು ತೆರೆದುದು 2015ರಲ್ಲಿ. ಅದರ ಮೊದಲ ನಿಘಂಟು ಬಂದುದು 2018ರಲ್ಲಿ, ಸುಮಾರು 3,000 ಪದಗಳೊಡನೆ, ವೈದ್ಯಕೀಯ ಪದಗಳೂ ಸೇರಿದಂತೆ.

ಈ ನಡುವೆ ಕಾನೂನು ಬಂದಿತು. 1981 ವಿಶ್ವಸಂಸ್ಥೆಯ ಅಂಗವಿಕಲರ ವರ್ಷ. 1995ರಲ್ಲಿ ಮೊದಲ ಅಧಿನಿಯಮ. 2007ರಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆಗೆ ನಮ್ಮ ದೇಶದ ಒಪ್ಪಿಗೆ. 2016ರಲ್ಲಿ ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಹೆಸರಿಸಿದ ಹೊಸ ಅಧಿನಿಯಮ. ಕೊಡಗಿನಲ್ಲಿ ಈ ಅವಧಿಯ ನಿಜವಾದ ಕೆಲಸ ನಡೆದುದು ದೊಡ್ಡ ಆಸ್ಪತ್ರೆಗಳಲ್ಲಿ ಅಲ್ಲ. ಪಾಲಿಬೆಟ್ಟದಲ್ಲಿ ಚೆಶೈರ್ ಹೋಮಿನವರ ವಿಶೇಷ ಮಕ್ಕಳ ಶಾಲೆ ನಡೆಯಿತು. ಸುಂಟಿಕೊಪ್ಪದಲ್ಲಿ 2003ರಲ್ಲಿ, ಟಾಟಾ ಕಾಫಿಯ ಆಶ್ರಯದ ಕೂರ್ಗ್ ಫೌಂಡೇಷನ್ ‘ಸ್ವಸ್ಥ’ ಎಂಬ ವಿಶೇಷ ಶಿಕ್ಷಣ ಮತ್ತು ಪುನರ್ವಸತಿ ಕೇಂದ್ರವನ್ನು ತೆರೆದು, ತೋಟಗಳ ನಡುವಿನ ಮಕ್ಕಳಿಗೆ ಪಾಠವನ್ನೂ ಅಂಗಸಾಧನೆಯ ಚಿಕಿತ್ಸೆಯನ್ನೂ ಮನೆಗೆ ಹತ್ತಿರ ತಂದಿತು. ರಾಜ್ಯ ಸರ್ಕಾರವು ಗ್ರಾಮ ಪಂಚಾಯಿತಿಗೆ ಒಬ್ಬರಂತೆ, ವಿಕಲಚೇತನರನ್ನೇ ಆರಿಸಿ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸಿತು. ಜನ ಇವರನ್ನು ‘ವಿಆರ್‌ಡಬ್ಲ್ಯೂ’ ಎಂದೇ ಕರೆಯುತ್ತಾರೆ. ಇವರಿಗೆ ದೊರೆಯುವುದು ಸಂಬಳವಲ್ಲ, ಗೌರವಧನ; ಕೆಲಸವೊ, ಪ್ರಮಾಣಪತ್ರದ ಶಿಬಿರಕ್ಕೆ ಕರೆದುಕೊಂಡು ಹೋಗುವುದು, ಕಿವಿಯ ‘ಬೆರಾ’ ಪರೀಕ್ಷೆಗೆ ಎಲ್ಲಿಗೆ ಹೋಗಬೇಕೆಂದು ತಿಳಿಸುವುದು, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ತುಂಬುವುದು, ಸೌಲಭ್ಯಕ್ಕೆ ಬೇಕಾದ ಶೇಕಡ 40 ವೈಕಲ್ಯದ ಗೆರೆಯಿಂದ ಕೆಳಗೆ ಬಿದ್ದವನ ಸಿಟ್ಟನ್ನು ಸಹಿಸಿಕೊಳ್ಳುವುದು. ಹಳೆಯ ಕಾಂಪೌಂಡರನ ಸ್ಥಾನದಲ್ಲಿ, ಎರಡು ಲೋಕಗಳ ನಡುವೆ, ಈಗ ನಿಂತಿರುವವರು ಇವರು. ಸರ್ಕಾರದ ಎಲ್ಲ ಏರ್ಪಾಡುಗಳಲ್ಲಿ ನನಗೆ ಅತ್ಯಂತ ವಿವೇಕಯುತವಾಗಿ ಕಂಡುದೂ ಇದೇ, ಅತ್ಯಂತ ಜುಗ್ಗತನದಿಂದ ನಡೆಸಲ್ಪಡುತ್ತಿರುವುದೂ ಇದೇ.

ಸೌಕರ್ಯಗಳು ಬೆಳೆದಂತೆ ಅವುಗಳಲ್ಲಿ ಹೊಸ ಗೋಡೆಗಳೂ ಎದ್ದುವು. 2008ರ ನವೆಂಬರಿನಲ್ಲಿ ರಾಜ್ಯದಲ್ಲಿ 108ರ ಆಂಬ್ಯುಲೆನ್ಸ್ ಆರಂಭವಾದುದು ಬೆಟ್ಟದ ಜನಕ್ಕೆ ದೊಡ್ಡ ಉಪಕಾರ. ಜೋಲಿಯ ಕಾಲ ಅದರೊಡನೆ ಬಹುಮಟ್ಟಿಗೆ ಮುಗಿಯಿತು. ಆದರೆ ಅದನ್ನು ಕರೆಯುವುದು ಧ್ವನಿಯಿಂದ. ಮನೆಯಲ್ಲಿ ಒಬ್ಬಳೇ ಇರುವ ಕಿವುಡಿಗೆ ಆ ಮೂರು ಅಂಕಿಗಳಿಂದ ಪ್ರಯೋಜನವೇನು? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಗಳ ಕಡೆ ಬೆಟ್ಟಗಳು ಕುಸಿದಾಗ ಎಚ್ಚರಿಕೆಗಳು ಬಹುಮಟ್ಟಿಗೆ ಫೋನಿನ ಕರೆಗಳಾಗಿ, ಕೂಗುಗಳಾಗಿ ಹಬ್ಬಿದುವು. ಮೊದಲು ತಿಳಿಯಬೇಕಾದುದು, ಬೆಟ್ಟದೊಳಗಿನ ಗುಡುಗೂ ಕೂಡ, ಕೇಳಿಯೇ ತಿಳಿಯಬೇಕಾದುದು. ಮನೆಯೊಡನೆ ಮಣ್ಣಿನಡಿಗೆ ಹೋಗುವ ಸಾಮಾನುಗಳಲ್ಲಿ ವೈಕಲ್ಯದ ಪ್ರಮಾಣಪತ್ರವೂ, ಊರುಗೋಲೂ, ಶ್ರವಣಯಂತ್ರವೂ ಸೇರುತ್ತವೆ. ಅಂಥ ವಿಪತ್ತುಗಳಲ್ಲಿ ಅಂಗವಿಕಲರಿಗೆ ಸಮಾನ ರಕ್ಷಣೆ ದೊರೆಯಬೇಕೆಂದು 2016ರ ಅಧಿನಿಯಮದ 8ನೆಯ ಪರಿಚ್ಛೇದ ಹೇಳಿ ಆಗ ಎರಡು ವರ್ಷ ತುಂಬಿರಲಿಲ್ಲ. 2020ರಲ್ಲಿ ಕೊರೋನ ಬಂದು ಡಾಕ್ಟರು, ದಾದಿ, ಔಷಧಿಯಂಗಡಿಯವನು ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡರು. ತುಟಿಯ ಚಲನೆಯನ್ನು ನೋಡಿ ಅರ್ಧ, ಮುಖಭಾವವನ್ನು ನೋಡಿ ಅರ್ಧ ಮಾತನ್ನು ಗ್ರಹಿಸುತ್ತಿದ್ದವರಿಗೆ, ಮಿಲಾನಿನ ಪಂಡಿತರು ಕಲಿಸಿದ ಆ ಒಂದು ವಿದ್ಯೆಯೂ ಅಂದು ನಿರರ್ಥಕವಾಯಿತು.

2016ರಲ್ಲಿಯೇ ಮಡಿಕೇರಿಗೆ ವೈದ್ಯಕೀಯ ಮಹಾವಿದ್ಯಾಲಯ ಬಂದಿತು. ಜಿಲ್ಲಾಸ್ಪತ್ರೆ ಅದರ ಬೋಧನಾಸ್ಪತ್ರೆಯಾಯಿತು. 2011ರ ಗಣತಿಯಂತೆ 5,54,519 ಜನರಿರುವ ಜಿಲ್ಲೆಗೆ, ಘಟ್ಟ ಇಳಿಯದೆ, ಹುಣಸೂರಿನ ಹಾದಿ ಹಿಡಿಯದೆ ತಜ್ಞರು ದೊರೆಯುವ ಸಂಭವ ಹುಟ್ಟಿದುದು ಆಗ. ಅದೇ ವರ್ಷದ ಅಧಿನಿಯಮದ 25ನೆಯ ಪರಿಚ್ಛೇದ, ಸರ್ಕಾರಿ ಖಾಸಗಿ ಎನ್ನದೆ ಆಸ್ಪತ್ರೆಗಳ ಸಕಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶವನ್ನೂ, ಸರದಿಯಲ್ಲಿ ಆದ್ಯತೆಯನ್ನೂ ವಿಧಿಸುತ್ತದೆ. ಅಡೆತಡೆಯೆಂದೊಡನೆ ಇಂಜಿನಿಯರಿಗೆ ನೆನಪಾಗುವುದು ಇಳಿಜಾರು ಕಟ್ಟೆ. ಮೆಟ್ಟಿಲಿನ ಮೇಲೆ ಮೆಟ್ಟಿಲಾಗಿ ಎದ್ದ ಮಡಿಕೇರಿಯಂಥ ಊರಿನಲ್ಲಿ ಅದನ್ನು ಕಟ್ಟುವುದು ಸಣ್ಣ ಕೆಲಸವಲ್ಲ, ಕಟ್ಟಿದವರನ್ನು ಹೊಗಳಬೇಕು. ಆದರೆ ಓಪಿಡಿಯ ಮುಂದೆ ಹೆಸರನ್ನು ಕೂಗಿ ಕರೆಯುವ ಪದ್ಧತಿಯೂ ಒಂದು ಅಡೆತಡೆಯೇ: ತನ್ನ ಹೆಸರು ಹೋದುದನ್ನರಿಯದೆ ಕಿವುಡನು ಬೆಂಚಿನ ಮೇಲೆ ಕುಳಿತೇ ಇರುತ್ತಾನೆ, ಸರದಿಯ ಆದ್ಯತೆ ಅವನನ್ನು ಹುಡುಕಿಕೊಂಡು ಬರುವುದಿಲ್ಲ. ಹೊಟ್ಟೆ ಹಿಂಡುವುದೂ ಉರಿಯುವುದೂ ಚುಚ್ಚುವುದೂ ಬೇರೆಬೇರೆ ರೋಗಗಳ ಗುರುತುಗಳು. ಅವನ್ನು ಬೇರ್ಪಡಿಸಿ ಹೇಳಲಾಗದವನಿಗೆ ಡಾಕ್ಟರು ಊಹೆಯ ಮೇಲೆ ಮದ್ದು ಬರೆಯಬೇಕು. ಗರ್ಭಿಣಿಯಾದ ಕಿವುಡಿ ತನ್ನ ಗುಟ್ಟನ್ನೆಲ್ಲ ಅತ್ತೆಯ ಬಾಯಿಂದ ಹೇಳಿಸಬೇಕು. ಅತ್ತೆಗೆ ಹೇಳಬಾರದ ಸಂಗತಿಯಾದರೆ ಹೇಳದೆಯೇ ಹಿಂದಿರುಗಬೇಕು. ಸ್ತ್ರೀಯರ ಗರ್ಭಸಂಬಂಧವಾದ ಆರೋಗ್ಯವನ್ನು ವಿಶೇಷವಾಗಿ ಹೆಸರಿಸಿರುವ ಆ 25ನೆಯ ಪರಿಚ್ಛೇದದಲ್ಲಿ ದುಭಾಷಿಯ ಪ್ರಸ್ತಾಪ ಮಾತ್ರ ಇಲ್ಲ.

2019ರಿಂದ ದೇಶದ ಎಲ್ಲ ವೈದ್ಯವಿದ್ಯಾರ್ಥಿಗಳಿಗೂ ಮೊದಲನೆಯ ವರ್ಷದ ಮೊದಲಿಗೆ ಒಂದು ಪ್ರಾಥಮಿಕ ಪಾಠಕ್ರಮ ನಿಗದಿಯಾಯಿತು. ಹೊರ ಪ್ರಾಂತಗಳಿಂದ ಬಂದವರು ರೋಗಿಗಳ ಭಾಷೆಯನ್ನು ಅಲ್ಲಿ ಕಲಿಯಬೇಕು. ಅಂಗವಿಕಲರನ್ನು ಕುರಿತ ಅರಿವೂ ಶಿಷ್ಟಾಚಾರವೂ ಆಗ ಅದೇ ಪಾಠಕ್ರಮದ ಅಂಗವಾಗಿದ್ದುವು. ಅಂದರೆ ಮಡಿಕೇರಿಗೆ ಬರುವ ಉತ್ತರದೇಶದ ತರುಣನಿಗೆ ‘ಎಲ್ಲಿ ನೋವು, ಎಷ್ಟು ದಿನದಿಂದ’ ಎಂದು ಕನ್ನಡದಲ್ಲಿ ಕೇಳುವುದನ್ನು ಕಲಿಸುವ ಗಂಟೆಗಳು ಆಗಲೇ ಇವೆ. ಅದೇ ಎರಡು ಪ್ರಶ್ನೆಗಳನ್ನು ಕೈಯಿಂದ ಕೇಳುವುದನ್ನೂ, ಜ್ವರ, ಉಸಿರು, ಬಸಿರು, ಮಾತ್ರೆ, ಬೆಳಗ್ಗೆ, ರಾತ್ರಿ ಎಂಬ ಐವತ್ತು ಅರುವತ್ತು ಸನ್ನೆಗಳನ್ನೂ ಆ ಗಂಟೆಗಳಲ್ಲಿಯೇ ಸೇರಿಸುವುದಕ್ಕೆ ಹೊಸ ಕಾನೂನೂ ಬೇಡ, ಹೊಸ ಕಟ್ಟಡವೂ ಬೇಡ. ಕಲಿಸುವುದಕ್ಕೆ ಜಿಲ್ಲೆಯ ಕಿವುಡರಲ್ಲಿಯೇ ಒಬ್ಬರನ್ನು ಕರೆದು, ಪಾಠ ಹೇಳುವ ಉಳಿದವರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಟ್ಟರೆ ಸಾಕು.